ಫೈಲ್ ಸಿಸ್ಟಂ ರಿಪೇರಿಯ ಕೈಪಿಡಿಯನ್ನು ಹೇಗೆ ಬರೆಯಬೇಕು?

ಪ್ರಶ್ನೆ: ನಾನು ಮಂಡ್ಯದವನು, ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸ್ಟುಡಿಯೋ, ಶಾಲೆ, ಸಹಕಾರ ಸಂಘಗಳಿಗೆ ನಾವು ಲಿನಕ್ಸ್ ಹಾಕಿದ ಸ್ಟೋರೇಜ್ ಪೆಟ್ಟಿಗೆಗಳನ್ನು ಜೋಡಿಸಿಕೊಡುತ್ತೇವೆ. ಕೆಲವದರಲ್ಲಿ ಇಎಕ್ಸ್‌ಟಿ4, ಕೆಲವದರಲ್ಲಿ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ (ಡಿಸ್ಕಿನ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇರುತ್ತದೆ. ಫೈಲ್ ಸಿಸ್ಟಂ ಕೆಟ್ಟಾಗ ಬಳಸಲು ನಮ್ಮದೇ ಒಂದು ರಿಪೇರಿ ಉಪಕರಣವಿದೆ. ಅದು ಒಳಗಿನಿಂದ, ಇಎಕ್ಸ್‌ಟಿ4 ಇದ್ದರೆ ಇ2ಎಫ್‌ಎಸ್‌ಸಿಕೆ, ಎಕ್ಸ್‌ಎಫ್‌ಎಸ್ ಇದ್ದರೆ ಎಕ್ಸ್‌ಎಫ್‌ಎಸ್ ರಿಪೇರ್ ಎಂಬ ಲಿನಕ್ಸ್ ಉಪಕರಣವನ್ನು ನಡೆಸುತ್ತದೆ. ಅದರ ಕೈಪಿಡಿಯಲ್ಲಿ ಇರುವುದು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಜೋಡಿಸಿದ ಆಯ್ಕೆಗಳ ಪಟ್ಟಿ ಮಾತ್ರ. ಗ್ರಾಹಕರು ಎಲ್ಲ ಪ್ರಶ್ನೆಗೂ 'ವೈ' ಒತ್ತಿ, ಆಮೇಲೆ ನಮಗೆ ಫೋನ್ ಮಾಡುತ್ತಾರೆ. ಕೈಪಿಡಿಯನ್ನು ಸುಧಾರಿಸುವ ಮತ್ತು ಕನ್ನಡದಲ್ಲೂ ಬರೆಯುವ ಕೆಲಸ ನನಗೆ ಬಂದಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: 'ರಿಪೇರಿ' ಎಂಬ ಮಾತಿನಿಂದಲೇ ಆರಂಭಿಸಿ. ನಮ್ಮ ಕಡೆ ಪಂಪ್‌ಸೆಟ್ ಇರಲಿ, ಕೈಗಡಿಯಾರ ಇರಲಿ, ರಿಪೇರಿಗೆ ಕೊಟ್ಟ ವಸ್ತು ಮೊದಲಿನಂತೆ ಕೆಲಸ ಮಾಡುವ ಸ್ಥಿತಿಯಲ್ಲಿ ಕೈಗೆ ಮರಳುತ್ತದೆ ಎಂಬುದು ಎಲ್ಲರ ತಿಳಿವಳಿಕೆ, ಮತ್ತು ನಿಮ್ಮ ಗ್ರಾಹಕರು ಉಪಕರಣದ ಹೆಸರನ್ನು ಓದುವುದೂ ಅದೇ ತಿಳಿವಳಿಕೆಯಿಂದ. ಫೈಲ್ ಸಿಸ್ಟಂ ರಿಪೇರಿ ಅಂಥದ್ದಲ್ಲ. ಅದು ಡಿಸ್ಕಿನ ಮೇಲಿರುವ ಲೆಕ್ಕಪತ್ರಗಳನ್ನು ಒಂದಕ್ಕೊಂದು ತಾಳೆ ನೋಡುತ್ತದೆ. ತಾಳೆಯಾಗದ ಬಾಬ್ತು ಸಿಕ್ಕರೆ ತಿದ್ದುತ್ತದೆ, ತಿದ್ದಲು ಬಾರದಿದ್ದರೆ ಹೊಡೆದುಹಾಕುತ್ತದೆ. ಕೊನೆಗೆ ಲೆಕ್ಕ ಸರಿಹೋಗುತ್ತದೆ. ಗ್ರಾಹಕರ ಫೈಲ್ ಉಳಿಯಿತೇ, ಉಳಿದದ್ದು ಸರಿಯಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರಿಸಲು ಈ ಉಪಕರಣಗಳನ್ನು ಮಾಡಿಯೇ ಇಲ್ಲ. ಇದನ್ನು ಕೈಪಿಡಿಯ ಮೊದಲ ಪುಟದ ಮೊದಲ ವಾಕ್ಯದಲ್ಲಿ ಹೇಳಬೇಕು.

ನಾನು ಇದನ್ನು ಕಲಿತದ್ದು ಬೇರೊಬ್ಬರ ನಷ್ಟದಿಂದ, ಮತ್ತು ಅದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ಮೈಸೂರಿನಲ್ಲಿ ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಮದುವೆ ಫೋಟೊ ತೆಗೆಯುವ ಸ್ಟುಡಿಯೋ ಒಂದರ ಡಿಸ್ಕ್ ನನ್ನ ಬಳಿಗೆ ಬಂದಿತ್ತು. ಕೈಪಿಡಿಯಲ್ಲಿ ವೈ ಆಯ್ಕೆಯ ಎದುರು, ಎಲ್ಲ ಪ್ರಶ್ನೆಗಳಿಗೂ ಹೌದು ಎಂದು ಉತ್ತರಿಸುತ್ತದೆ ಎಂದಷ್ಟೇ ಇತ್ತು. ಪ್ರಶ್ನೆಗಳು ನೂರಾರು ಬರುತ್ತಿದ್ದುದರಿಂದ ನಾನು ಅದನ್ನೇ ಬಳಸಿದೆ. ಫೈಲ್ ಸಿಸ್ಟಂ ಶುದ್ಧವಾಗಿದೆ ಎಂಬ ಸಂದೇಶ ಬಂತು, ಡಿಸ್ಕ್ ಮೌಂಟ್ ಆಯಿತು (ಅಂದರೆ ಲಿನಕ್ಸ್ ಅದನ್ನು ಬಳಕೆಗೆ ತೆರೆಯಿತು), ನಾನು ಮಾಲೀಕರನ್ನು ಕರೆದೆ. ಅವರು ಫೋಲ್ಡರುಗಳನ್ನು ತೆರೆದು ನೋಡಿ, "ರಿಪೇರಿ ಆಯ್ತು ಅಂದ್ರಲ್ಲ ಸಾರ್, ಫೋಟೊ ಎಲ್ಲಿ?" ಎಂದು ಕೇಳಿದರು. ಬಹಳಷ್ಟು ಫೈಲ್‌ಗಳು ಹೆಸರು ಕಳೆದುಕೊಂಡು, ಬರಿಯ ಸಂಖ್ಯೆಗಳಾಗಿ 'ಲಾಸ್ಟ್ ಅಂಡ್ ಫೌಂಡ್' ಎಂಬ ಫೋಲ್ಡರಿನಲ್ಲಿದ್ದವು. ಕೆಲವು ಅಲ್ಲೂ ಇರಲಿಲ್ಲ. ಯಾವ ಮನೆಯ ಮದುವೆ ಯಾವುದೆಂದು ಒಂದೊಂದೇ ಚಿತ್ರವನ್ನು ತೆರೆದು ಬೇರ್ಪಡಿಸಲು ವಾರಗಳು ಹಿಡಿದವು. ನಾನು ಓದಿದ ಕೈಪಿಡಿಯಲ್ಲಿ ಒಂದೇ ಒಂದು ತಪ್ಪು ಮಾಹಿತಿಯೂ ಇರಲಿಲ್ಲ ಎಂಬುದನ್ನು ಗಮನಿಸಿ. ಅದರ ಪ್ರತಿಯೊಂದು ಸಾಲೂ ಸರಿಯಾಗಿತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದ ಸಾಲು ಅದರಲ್ಲಿ ಇರಲಿಲ್ಲ.

ಆದ್ದರಿಂದ ಅಕ್ಷರಾನುಕ್ರಮವನ್ನು ಬಿಟ್ಟು, ಓದುವವರು ತೀರ್ಮಾನ ತೆಗೆದುಕೊಳ್ಳಬೇಕಾದ ಕ್ರಮದಲ್ಲಿ ಕೈಪಿಡಿಯನ್ನು ಕಟ್ಟಿ. ಅದನ್ನು ತೆರೆಯುವವರು ಬಿಡುವಿನಲ್ಲಿ ಕುಳಿತು ಕಲಿಯುತ್ತಿರುವ ವಿದ್ಯಾರ್ಥಿಗಳಲ್ಲ. ಸಂಘದ ಲೆಕ್ಕವೋ ಮಕ್ಕಳ ಅಂಕಪಟ್ಟಿಯೋ ತೆರೆಯದೆ ಕೈಕಾಲು ತಣ್ಣಗಾಗಿರುವ ಗುಮಾಸ್ತರು, ಶಿಕ್ಷಕರು. ಅವರು ಕೇಳಿಕೊಳ್ಳುವ ಮೊದಲ ಪ್ರಶ್ನೆ ಯಾವ ಆಯ್ಕೆ ಏನು ಮಾಡುತ್ತದೆ ಎಂಬುದಲ್ಲ. ಈಗ ನಾನು ಏನನ್ನು ಮುಟ್ಟಬಾರದು ಎಂಬುದು ಅವರ ಮೊದಲ ಪ್ರಶ್ನೆಯಾಗಬೇಕು, ಮತ್ತು ಅದನ್ನು ಅವರ ಬಾಯಲ್ಲಿ ಬರಿಸುವ ಕೆಲಸ ಕೈಪಿಡಿಯದು.

ಮೊದಲ ತೀರ್ಮಾನ, ಕೆಟ್ಟಿರುವುದು ಡಿಸ್ಕೋ ಅಥವಾ ಅದರ ಮೇಲಿನ ಫೈಲ್ ಸಿಸ್ಟಮೋ ಎಂಬುದು. ಡಿಸ್ಕೇ ಸಾಯುತ್ತಿದ್ದರೆ, ಓದುವಾಗ ದೋಷ ಬರುತ್ತಿದ್ದರೆ, ಟಿಕ್ ಟಿಕ್ ಸದ್ದು ಕೇಳಿಸುತ್ತಿದ್ದರೆ, ಅದರ ಮೇಲೆ ರಿಪೇರಿ ನಡೆಸಬಾರದು. ರಿಪೇರಿ ಎಂದರೆ ಡಿಸ್ಕಿನ ಉದ್ದಗಲ ಓಡಾಡಿ ಓದುವುದು ಮತ್ತು ಬರೆಯುವುದು, ಆ ಶ್ರಮವನ್ನು ಅದು ತಾಳಲಾರದು. ಅಂಥ ಡಿಸ್ಕನ್ನು ಮೊದಲು ಗ್ನೂ ಡಿಡಿರೆಸ್ಕ್ಯೂ ಬಳಸಿ ಬೇರೊಂದು ಡಿಸ್ಕಿಗೆ ಇಡಿಯಾಗಿ ನಕಲು ಮಾಡಿಕೊಳ್ಳಬೇಕು. ಆ ಉಪಕರಣ ಯಾವ ಭಾಗ ಓದಲು ಬಂತು, ಯಾವುದು ಬರಲಿಲ್ಲ ಎಂಬುದನ್ನು ಮ್ಯಾಪ್ ಫೈಲ್ ಒಂದರಲ್ಲಿ ಬರೆದಿಡುವುದರಿಂದ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ನಮ್ಮ ತಾಲ್ಲೂಕುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಡಿಸ್ಕ್ ಚೆನ್ನಾಗಿದ್ದರೂ ನಕಲಿನ ಮೇಲೆಯೇ ರಿಪೇರಿ ಮಾಡಿ ಎಂಬುದು ನನ್ನ ಸಲಹೆ. ಇದಕ್ಕೆ ಹಿಡಿಯುವ ಸಮಯವನ್ನು ಕೈಪಿಡಿಯಲ್ಲಿ ಅಂಕಿಯಲ್ಲೇ ಕೊಡಿ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದುವ 1 ಟಿಬಿ ಡಿಸ್ಕಿಗೆ 10,000 ಸೆಕೆಂಡ್, ಅಂದರೆ ಸುಮಾರು 2 ಗಂಟೆ 47 ನಿಮಿಷ ಬೇಕು. 4 ಟಿಬಿಗೆ 11 ಗಂಟೆ ದಾಟುತ್ತದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದವರು ಅರ್ಧ ಗಂಟೆ ನೋಡಿ, ಯಂತ್ರ ನಿಂತುಹೋಗಿದೆ ಎಂದುಕೊಂಡು ಸ್ವಿಚ್ ಆರಿಸಿಬಿಡುತ್ತಾರೆ.

ಎರಡನೆಯ ತೀರ್ಮಾನ ಮೌಂಟ್‌ಗೆ ಸಂಬಂಧಿಸಿದ್ದು. ಮೌಂಟ್ ಆಗಿರುವ ಫೈಲ್ ಸಿಸ್ಟಂ ಮೇಲೆ ರಿಪೇರಿ ನಡೆಸಿದರೆ, ಒಂದು ಕಡೆ ಲಿನಕ್ಸಿನ ತಿರುಳಾದ ಕರ್ನೆಲ್ ತನ್ನ ನೆನಪಿನಲ್ಲಿರುವ ಲೆಕ್ಕವನ್ನು ಡಿಸ್ಕಿಗೆ ಬರೆಯುತ್ತಿರುತ್ತದೆ, ಇನ್ನೊಂದು ಕಡೆ ಉಪಕರಣ ಅದೇ ಲೆಕ್ಕವನ್ನು ತಿದ್ದುತ್ತಿರುತ್ತದೆ. ಚೆನ್ನಾಗಿದ್ದ ಫೈಲ್ ಸಿಸ್ಟಂ ಸಹ ಹೀಗೆ ಹಾಳಾಗುತ್ತದೆ. ಏನನ್ನೂ ಬರೆಯದೆ ಪರೀಕ್ಷಿಸುವ ಎನ್ ಆಯ್ಕೆಯನ್ನು ಮೌಂಟ್ ಆಗಿರುವಾಗ ಬಳಸಿದರೆ ಹಾನಿಯಾಗದು, ಆದರೆ ಆಗ ಅದು ತೋರಿಸುವ ಫಲಿತಾಂಶವನ್ನು ನಂಬುವಂತಿಲ್ಲ. ಇ2ಎಫ್‌ಎಸ್‌ಸಿಕೆ ಕೈಪಿಡಿಯೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ, ಆದರೂ ಆ ಮಾತು ಉದ್ದನೆಯ ವಿವರಣೆಯ ನಡುವೆ ಸೇರಿಕೊಂಡಿರುವುದರಿಂದ ಅವಸರದ ಕಣ್ಣಿಗೆ ಬೀಳುವುದಿಲ್ಲ. ನೀವು ಅದನ್ನು ಆಜ್ಞೆಯ ಪಕ್ಕದಲ್ಲಿಯೇ, ಅದೇ ಪುಟದಲ್ಲಿ, ಆಜ್ಞೆಗಿಂತ ಮೊದಲೇ ಇಡಿ. ಎಚ್ಚರಿಕೆಯನ್ನು ಆಜ್ಞೆಯ ಕೆಳಗೆ ಇಟ್ಟರೆ, ಓದುವವರು ಅಲ್ಲಿಗೆ ತಲುಪುವಷ್ಟರಲ್ಲಿ ಎಂಟರ್ ಒತ್ತಿ ಆಗಿರುತ್ತದೆ.

ಆಮೇಲೆ ಬರುವುದು ಸಂದೇಶಗಳ ಅರ್ಥ, ಮತ್ತು ನಿಮ್ಮ ಶ್ರಮದ ಹೆಚ್ಚಿನ ಪಾಲು ಇಲ್ಲಿಗೆ ಸಲ್ಲಬೇಕು. ಇದಕ್ಕೆ ಫೈಲ್ ಸಿಸ್ಟಂನ ಒಳಗಿನ ಒಂದು ಸಂಗತಿಯನ್ನು ಓದುಗರಿಗೆ ತಿಳಿಸಲೇಬೇಕು. ಪ್ರತಿ ಫೈಲ್‌ಗೂ ಇನೋಡ್ ಎಂಬ ಒಂದು ದಾಖಲೆ ಇದೆ. ಮಂಡ್ಯದ ಓದುಗರಿಗೆ ಅದನ್ನು ಜಮೀನಿನ ಪಹಣಿಗೆ ಹೋಲಿಸಿ ಹೇಳಬಹುದು. ಫೈಲ್ ಎಷ್ಟು ದೊಡ್ಡದು, ಯಾರದು, ಡಿಸ್ಕಿನ ಯಾವ ಬ್ಲಾಕ್‌ಗಳಲ್ಲಿ (ಡಿಸ್ಕನ್ನು ವಿಂಗಡಿಸಿದ ತುಂಡುಗಳಲ್ಲಿ) ಇದೆ ಎಂಬುದೆಲ್ಲ ಅದರಲ್ಲಿರುತ್ತದೆ. ಫೈಲಿನ ಹೆಸರು ಮಾತ್ರ ಇರುವುದಿಲ್ಲ. ಹೆಸರು ಇರುವುದು ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರಿನಲ್ಲಿ, ಅಲ್ಲಿ ಹೆಸರಿನ ಎದುರು ಇನೋಡಿನ ಸಂಖ್ಯೆ ಬರೆದಿರುತ್ತದೆ. ಡೈರೆಕ್ಟರಿ ಹಾಳಾಗಿ ಇನೋಡ್ ಉಳಿದರೆ ಫೈಲ್ ಇದೆ, ಹೆಸರಿಲ್ಲ. ಸ್ಟುಡಿಯೋದ ಚಿತ್ರಗಳಿಗೆ ಆದದ್ದು ಅದೇ. ಇನೋಡ್ ಹೋಗಿ ಡೈರೆಕ್ಟರಿ ಉಳಿದರೆ ಹೆಸರಿದೆ, ಫೈಲ್ ಇಲ್ಲ. ಇಷ್ಟು ತಿಳಿದರೆ ಲಾಸ್ಟ್ ಅಂಡ್ ಫೌಂಡ್ ಏಕೆ ಇದೆ, ಅಲ್ಲಿ ಸಂಖ್ಯೆಗಳೇ ಏಕೆ ಹೆಸರಾಗಿವೆ ಎಂಬುದನ್ನು ಓದುಗರು ತಾವೇ ಊಹಿಸುತ್ತಾರೆ.

ಇ2ಎಫ್‌ಎಸ್‌ಸಿಕೆ ಐದು ಸುತ್ತುಗಳಲ್ಲಿ ಕೆಲಸ ಮಾಡುತ್ತದೆ: ಮೊದಲ ಸುತ್ತಿನಲ್ಲಿ ಇನೋಡ್ ಮತ್ತು ಬ್ಲಾಕ್‌ಗಳು, ಎರಡನೆಯದರಲ್ಲಿ ಡೈರೆಕ್ಟರಿಗಳ ರಚನೆ, ಮೂರನೆಯದರಲ್ಲಿ ಡೈರೆಕ್ಟರಿಗಳು ಮೂಲಕ್ಕೆ ಜೋಡಣೆಯಾಗಿವೆಯೇ ಎಂಬುದು, ನಾಲ್ಕನೆಯದರಲ್ಲಿ ಒಂದು ಇನೋಡಿಗೆ ಎಷ್ಟು ಹೆಸರುಗಳಿವೆ ಎಂಬ ಎಣಿಕೆ, ಐದನೆಯದರಲ್ಲಿ ಖಾಲಿ ಬ್ಲಾಕ್ ಮತ್ತು ಇನೋಡ್‌ಗಳ ಒಟ್ಟು ಲೆಕ್ಕ. ಬಹುತೇಕ ಕೈಪಿಡಿಗಳು ಇಷ್ಟು ಹೇಳಿ ನಿಲ್ಲುತ್ತವೆ. ಓದುಗರಿಗೆ ಬೇಕಾದದ್ದು ಪ್ರತಿ ಸುತ್ತಿನಲ್ಲಿ ತಾವು ಕಳೆದುಕೊಳ್ಳಬಹುದಾದದ್ದು ಏನು ಎಂಬುದು. ಐದನೆಯ ಸುತ್ತಿನಲ್ಲಿ ಖಾಲಿ ಬ್ಲಾಕ್‌ಗಳ ಎಣಿಕೆ ತಪ್ಪಿದೆ ಎಂದು ಸಾಲುಗಟ್ಟಲೆ ಅಂಕಿಗಳು ಪರದೆಯ ತುಂಬ ಬಂದಾಗ ಜನ ಬೆಚ್ಚುತ್ತಾರೆ. ಅದು ಎಲ್ಲಕ್ಕಿಂತ ನಿರಪಾಯವಾದ ದೋಷ, ಮೊದಲಿನ ಸುತ್ತುಗಳಲ್ಲಿ ತಕರಾರಿಲ್ಲದಿದ್ದರೆ ಅದನ್ನು ತಿದ್ದುವುದರಿಂದ ಯಾವ ಫೈಲಿಗೂ ತೊಂದರೆಯಿಲ್ಲ. ಮೊದಲ ಸುತ್ತಿನಲ್ಲಿ ಒಂದೇ ಪದದಲ್ಲಿ ಬರುವ 'ಕ್ಲಿಯರ್?' ಎಂಬ ಪ್ರಶ್ನೆಗೆ ಯಾರೂ ಬೆಚ್ಚುವುದಿಲ್ಲ, ಅಪಾಯವಿರುವುದು ಅಲ್ಲೇ.

ಈ 'ಕ್ಲಿಯರ್' ಎಂಬ ಪದದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಕೈಪಿಡಿ ಬರೆಯಲು ನನಗಿರುವ ದೊಡ್ಡ ಕಾರಣವೇ ಇದು. ನಮ್ಮ ಮಾತಿನಲ್ಲಿ ಕ್ಲಿಯರ್ ಒಳ್ಳೆಯ ಪದ. ಸಾಲ ಕ್ಲಿಯರ್ ಆಯಿತು ಎನ್ನುತ್ತೇವೆ, ಪರೀಕ್ಷೆಯ ಪೇಪರ್ ಕ್ಲಿಯರ್ ಆಯಿತು ಎನ್ನುತ್ತೇವೆ, ಡೌಟ್ ಕ್ಲಿಯರ್ ಆಯಿತು ಎನ್ನುತ್ತೇವೆ. ಇನೋಡ್ ಕ್ಲಿಯರ್ ಮಾಡಲೇ ಎಂದು ಯಂತ್ರ ಕೇಳಿದರೆ, ತೊಡಕು ಬಗೆಹರಿಸಲೇ ಎಂದು ಕೇಳುತ್ತಿದೆ ಎಂದೇ ನಮ್ಮವರು ತಿಳಿಯುತ್ತಾರೆ. ಅದು ಕೇಳುತ್ತಿರುವುದು, ಈ ಫೈಲಿನ ದಾಖಲೆಯನ್ನೇ ಅಳಿಸಿಬಿಡಲೇ ಎಂದು. ಅಳಿಸಿದ ಮೇಲೆ ಆ ಫೈಲ್ ಲಾಸ್ಟ್ ಅಂಡ್ ಫೌಂಡ್‌ನಲ್ಲೂ ಸಿಗುವುದಿಲ್ಲ. ಆದ್ದರಿಂದ ಉಪಕರಣ ಕೇಳುವ ಪ್ರಶ್ನೆಗಳನ್ನೆಲ್ಲ ಕಲೆಹಾಕಿ, ಪ್ರತಿಯೊಂದರ ಎದುರು ಹೌದು ಎಂದರೆ ಏನಾಗುತ್ತದೆ, ಇಲ್ಲ ಎಂದರೆ ಏನಾಗುತ್ತದೆ, ಹಿಂದಕ್ಕೆ ಬರಲು ದಾರಿಯಿದೆಯೇ ಎಂಬ ಮೂರನ್ನೂ ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ಕ್ಲಿಯರ್ ಎಂಬುದಕ್ಕೆ 'ಅಳಿಸು' ಎಂದೇ ಬರೆಯಿರಿ. ತೆರವು, ಶುದ್ಧ, ನಿವಾರಣೆ ಮುಂತಾದ ಮೃದುವಾದ ಪದಗಳನ್ನು ಖಂಡಿತ ಬಳಸಬೇಡಿ.

ಇನ್ನೊಂದು ಪ್ರಶ್ನೆಯೂ ಇಷ್ಟೇ ವಿವರಣೆಯನ್ನು ಬೇಡುತ್ತದೆ. ಒಂದೇ ಬ್ಲಾಕನ್ನು ಎರಡು ಇನೋಡ್‌ಗಳು ತಮ್ಮದೆಂದು ಹೇಳುವ ಸ್ಥಿತಿ ಕೆಲವೊಮ್ಮೆ ಉಂಟಾಗುತ್ತದೆ, ಒಂದೇ ಸರ್ವೆ ನಂಬರಿನ ತುಂಡು ಇಬ್ಬರ ಪಹಣಿಯಲ್ಲೂ ಬಂದಂತೆ. ಜಮೀನಾದರೆ ಹದ್ದುಬಸ್ತು ಮಾಡಿಸಿ ಯಾರದೆಂದು ತೀರ್ಮಾನಿಸುತ್ತಾರೆ. ಇ2ಎಫ್‌ಎಸ್‌ಸಿಕೆ ಹಾಗೆ ತೀರ್ಮಾನಿಸುವುದಿಲ್ಲ. ಆ ಬ್ಲಾಕನ್ನು ನಕಲು ಮಾಡಿ ಇಬ್ಬರಿಗೂ ಒಂದೊಂದು ಕೊಡಲೇ ಎಂದು ಕೇಳುತ್ತದೆ, ಬೇಡವೆಂದರೆ ಫೈಲನ್ನೇ ತೆಗೆದುಹಾಕಲೇ ಎಂದು ಕೇಳುತ್ತದೆ. ನಕಲಿಗೆ ಒಪ್ಪುವುದೇ ಸಾಮಾನ್ಯವಾಗಿ ಮೇಲು. ಆದರೆ ಆ ಬ್ಲಾಕಿನಲ್ಲಿದ್ದ ವಿಷಯ ಇಬ್ಬರಲ್ಲಿ ಹೆಚ್ಚೆಂದರೆ ಒಬ್ಬರದು, ಇನ್ನೊಂದು ಫೈಲಿನ ನಡುವೆ ಈಗ ಬೇರೆ ಯಾರದೋ ವಿಷಯ ಸೇರಿಕೊಂಡಿದೆ, ಮತ್ತು ಫೈಲ್ ಸಿಸ್ಟಂ ಶುದ್ಧವಾಗಿದೆ ಎಂಬ ಸಂದೇಶ ಅದನ್ನು ಹೇಳುವುದಿಲ್ಲ. ಇಂಥ ಸಾಲು ಬಂದಾಗ ಅದರಲ್ಲಿರುವ ಫೈಲ್ ಹೆಸರುಗಳನ್ನು ಬರೆದಿಟ್ಟುಕೊಂಡು, ರಿಪೇರಿಯ ನಂತರ ಆ ಎರಡನ್ನೂ ತೆರೆದು ನೋಡಬೇಕು ಎಂಬ ಸೂಚನೆ ನಿಮ್ಮ ಕೈಪಿಡಿಯಲ್ಲಿರಲಿ.

ಬರೆದಿಟ್ಟುಕೊಳ್ಳುವ ವಿಚಾರಕ್ಕೆ ಬಂದದ್ದರಿಂದ ಹೇಳುತ್ತೇನೆ. ಮೈಸೂರು ಹಸ್ತಪ್ರತಿಗಳ ಊರು. ಇಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಗರಿಯಿಂದಲೇ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದರು. ಗ್ರಂಥಸಂಪಾದನೆ ಮಾಡುವವರು ಗರಿಯಲ್ಲಿ ಅಕ್ಷರ ಹೋದ ಜಾಗವನ್ನು ಊಹೆಯಿಂದ ತುಂಬಿ ಸುಮ್ಮನಾಗುವುದಿಲ್ಲ. ಇಲ್ಲಿ ಲೋಪವಿದೆ, ಇಲ್ಲಿ ತಿದ್ದಿದ್ದೇನೆ, ಮೂಲ ಪಾಠ ಹೀಗಿತ್ತು ಎಂದು ಗುರುತು ಹಾಕಿ ಅಡಿಟಿಪ್ಪಣಿ ಕೊಡುತ್ತಾರೆ. ರಿಪೇರಿಯ ಪ್ರತಿ ಸಂದೇಶವನ್ನೂ ಬೇರೊಂದು ಡಿಸ್ಕಿನಲ್ಲಿ ಉಳಿಸುವುದನ್ನು ನಿಮ್ಮ ಉಪಕರಣದ ರೂಢಿಯನ್ನಾಗಿ ಮಾಡಿ, ಆ ಕಡತ ಎಲ್ಲಿರುತ್ತದೆ ಎಂಬುದನ್ನು ಕೈಪಿಡಿಯಲ್ಲಿ ತಿಳಿಸಿ. ಇ2ಎಫ್‌ಎಸ್‌ಸಿಕೆಗೆ ಝಡ್ ಎಂಬ ಆಯ್ಕೆಯೂ ಇದೆ. ಅದನ್ನು ಕೊಟ್ಟರೆ, ತಿದ್ದುವ ಮೊದಲು ಪ್ರತಿ ಬ್ಲಾಕಿನ ಹಳೆಯ ರೂಪ ಒಂದು ಅನ್‌ಡೂ ಫೈಲಿನಲ್ಲಿ ಉಳಿಯುತ್ತದೆ. ಆಮೇಲೆ ಇ2ಅನ್‌ಡೂ ಮೂಲಕ ಹಿಂದಕ್ಕೆ ಬರಬಹುದು. ಇಷ್ಟು ಉಪಯುಕ್ತವಾದ ಆಯ್ಕೆ ಅಕ್ಷರಾನುಕ್ರಮದ ಪಟ್ಟಿಯಲ್ಲಿ ಕಟ್ಟಕಡೆಗೆ ಹೋಗಿ ಕೂರುತ್ತದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅದನ್ನು ಮೊದಲ ಪುಟಕ್ಕೆ ತನ್ನಿ. ಜೊತೆಗೆ ಅದರ ಮಿತಿಯನ್ನೂ ಬರೆಯಿರಿ: ರಿಪೇರಿಯ ನಡುವೆ ಕರೆಂಟ್ ಹೋದರೆ ಅಥವಾ ಯಂತ್ರ ಸ್ಥಗಿತವಾದರೆ ಆ ಅನ್‌ಡೂ ಫೈಲ್ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಯುಪಿಎಸ್ ಇಲ್ಲದ ಕಡೆ ರಿಪೇರಿ ಆರಂಭಿಸಬಾರದು ಎಂಬುದು ನಿಮ್ಮ ಕೈಪಿಡಿಯಲ್ಲಿ ನಿಯಮವಾಗಿಯೇ ಇರಲಿ.

ಎಕ್ಸ್‌ಎಫ್‌ಎಸ್ ವಿಷಯದಲ್ಲಿ ನಿಮ್ಮ ಉಪಕರಣ ಒಂದು ವ್ಯತ್ಯಾಸವನ್ನು ಮುಚ್ಚಿಡುತ್ತಿರಬಹುದು. ಇ2ಎಫ್‌ಎಸ್‌ಸಿಕೆ ಪ್ರಶ್ನೆ ಕೇಳುತ್ತದೆ. ಎಕ್ಸ್‌ಎಫ್‌ಎಸ್ ರಿಪೇರ್ ಏನನ್ನೂ ಕೇಳುವುದಿಲ್ಲ, ನೇರವಾಗಿ ತಿದ್ದುತ್ತದೆ. ಎರಡಕ್ಕೂ ಒಂದೇ ಗುಂಡಿ ಇಟ್ಟರೆ, ಇಎಕ್ಸ್‌ಟಿ4 ಪೆಟ್ಟಿಗೆಯಲ್ಲಿ ಪ್ರಶ್ನೆಗಳನ್ನು ಕಂಡು ರೂಢಿಯಾದವರು ಎಕ್ಸ್‌ಎಫ್‌ಎಸ್ ಪೆಟ್ಟಿಗೆಯಲ್ಲೂ ಪ್ರಶ್ನೆ ಬರಲೆಂದು ಕಾಯುತ್ತಾರೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅಲ್ಲಿ ಮೊದಲೇ ಎನ್ ಆಯ್ಕೆಯಿಂದ ನೋಡಿಕೊಳ್ಳುವುದೊಂದೇ ದಾರಿ.

ಎಕ್ಸ್‌ಎಫ್‌ಎಸ್‌ನ ಲಾಗ್ ಎಂದರೇನು ಎಂಬುದನ್ನು ಅಂಗಡಿಯ ಕಿರ್ದಿಯ ಮೂಲಕ ವಿವರಿಸಿದರೆ ಸಹಕಾರ ಸಂಘದವರಿಗೆ ತಕ್ಷಣ ತಿಳಿಯುತ್ತದೆ. ದಿನದ ವಹಿವಾಟು ಮೊದಲು ಕಿರ್ದಿಗೆ, ಆಮೇಲೆ ಖಾತೆಗೆ. ಖಾತೆಗೆ ಏರಿಸುತ್ತಿರುವಾಗ ದೀಪ ಆರಿದರೆ, ಬೆಳಿಗ್ಗೆ ಕಿರ್ದಿ ನೋಡಿ ಉಳಿದದ್ದನ್ನು ಏರಿಸಬಹುದು. ಫೈಲ್ ಸಿಸ್ಟಂ ಅನ್ನು ಮತ್ತೆ ಮೌಂಟ್ ಮಾಡಿದಾಗ ಕರ್ನೆಲ್ ಮಾಡುವುದು ಇದನ್ನೇ. ಏರಿಸದೆ ಉಳಿದ ಲಾಗ್ ಇದ್ದರೆ ಎಕ್ಸ್‌ಎಫ್‌ಎಸ್ ರಿಪೇರ್ ಮುಂದುವರಿಯಲು ಒಪ್ಪುವುದಿಲ್ಲ: ಮೊದಲು ಮೌಂಟ್ ಮಾಡಿ, ಅನ್‌ಮೌಂಟ್ ಮಾಡಿ, ಆಮೇಲೆ ಬನ್ನಿ, ಮೌಂಟ್ ಸಾಧ್ಯವೇ ಆಗದಿದ್ದರೆ ಮಾತ್ರ ದೊಡ್ಡಕ್ಷರದ ಎಲ್ ಆಯ್ಕೆಯಿಂದ ಲಾಗನ್ನು ನಾಶಮಾಡಬಹುದು, ಅದರಿಂದ ಇನ್ನಷ್ಟು ಹಾನಿಯಾಗಬಹುದು ಎಂದು ತಿಳಿಸುತ್ತದೆ. ಇದು ಚೆನ್ನಾಗಿ ಬರೆದ ಸಂದೇಶ. ಏನಾಗಿದೆ, ಮೊದಲು ಏನು ಮಾಡಬೇಕು, ಕೊನೆಯ ದಾರಿ ಯಾವುದು, ಅದರ ಬೆಲೆ ಏನು ಎಂಬ ನಾಲ್ಕೂ ಅದರಲ್ಲಿವೆ, ನಾಶ ಎಂಬ ಕಠಿಣ ಪದವನ್ನು ಅದು ಮುಚ್ಚಿಟ್ಟಿಲ್ಲ. ನಿಮ್ಮ ಉಪಕರಣ ಈ ಸಂದೇಶವನ್ನು ನುಂಗಿ 'ರಿಪೇರಿ ವಿಫಲ' ಎಂದಷ್ಟೇ ತೋರಿಸುತ್ತಿದ್ದರೆ, ಕೈಪಿಡಿಗಿಂತ ಮೊದಲು ಅದನ್ನು ಸರಿಪಡಿಸಿ. ಲಾಗ್ ಉಳಿದಿರುವಾಗ ಎನ್ ಆಯ್ಕೆಯಿಂದ ನೋಡಿದರೆ, ಲಾಗನ್ನು ಏರಿಸಿದ ಮೇಲೆ ಇಲ್ಲವಾಗುವಂಥ ದೋಷಗಳೂ ಕಾಣುತ್ತವೆ ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಿ.

ಉಪಕರಣ ಮುಗಿಯುವಾಗ ಕೊಡುವ ಸಂಖ್ಯೆಗಳ ಬಗ್ಗೆ ನಿಮ್ಮ ತಂಡದ ಪ್ರೋಗ್ರಾಮರ್‌ಗಳಿಗಾಗಿ ಪ್ರತ್ಯೇಕ ಪುಟವೊಂದು ಬೇಕು. ಇ2ಎಫ್‌ಎಸ್‌ಸಿಕೆಯಲ್ಲಿ 0 ಎಂದರೆ ದೋಷವಿಲ್ಲ, 1 ಎಂದರೆ ದೋಷವಿತ್ತು ಮತ್ತು ತಿದ್ದಲಾಗಿದೆ, 2 ಎಂದರೆ ತಿದ್ದಲಾಗಿದೆ ಆದರೆ ಯಂತ್ರವನ್ನು ರೀಬೂಟ್ ಮಾಡಬೇಕು, 4 ಎಂದರೆ ತಿದ್ದದೆ ಉಳಿದ ದೋಷಗಳಿವೆ, 8 ಎಂದರೆ ಕೆಲಸ ನಡೆಸುವಲ್ಲಿಯೇ ತೊಂದರೆ. ಇವು ಕೂಡಿಕೊಂಡೂ ಬರುತ್ತವೆ. 12 ಬಂದರೆ ಅದು 4 ಮತ್ತು 8. ಸೊನ್ನೆಯಲ್ಲದ್ದೆಲ್ಲ ಸೋಲು ಎಂದು ತಿಳಿದು ಬರೆದ ಸ್ಕ್ರಿಪ್ಟ್ ಯಶಸ್ವಿಯಾದ ರಿಪೇರಿಯನ್ನೂ ಸೋಲೆಂದು ವರದಿ ಮಾಡುತ್ತದೆ, ಗ್ರಾಹಕರು ಇನ್ನೊಮ್ಮೆ ಒತ್ತುತ್ತಾರೆ. ಎಕ್ಸ್‌ಎಫ್‌ಎಸ್ ರಿಪೇರ್ ಅನ್ನು ಎನ್ ಆಯ್ಕೆಯೊಂದಿಗೆ ನಡೆಸಿದಾಗ ಮಾತ್ರ ಅದೇ 1 ಎಂಬ ಸಂಖ್ಯೆಗೆ ದೋಷ ಕಂಡಿದೆ ಎಂದು ಅರ್ಥ, ಅಲ್ಲಿ ಏನನ್ನೂ ತಿದ್ದಿರುವುದಿಲ್ಲ. ಎರಡನ್ನೂ ಒಂದೇ ಹೊದಿಕೆಯೊಳಗೆ ಇಟ್ಟಿರುವ ನಿಮ್ಮಂಥವರಿಗೆ ಇದು ದೊಡ್ಡ ಬಲೆ. ಇನ್ನೊಂದು ಬಲೆಯೂ ಇದೆ: ಎಕ್ಸ್‌ಎಫ್‌ಎಸ್‌ಗೆಂದು ಇರುವ ಎಫ್‌ಎಸ್‌ಸಿಕೆ ಆಜ್ಞೆ ಸಾಮಾನ್ಯವಾಗಿ ಏನನ್ನೂ ಪರೀಕ್ಷಿಸದೆ 0 ಕೊಟ್ಟು ಹಿಂತಿರುಗುತ್ತದೆ, ಏಕೆಂದರೆ ಬೂಟ್ ಹೊತ್ತಿನಲ್ಲಿ ಮಾಡಬೇಕಾದ ಕೆಲಸವನ್ನು ಮೌಂಟ್ ಆಗುವಾಗಿನ ಲಾಗ್ ಮಾಡಿಬಿಡುತ್ತದೆ. ಆ 0 ನೋಡಿ ಎಕ್ಸ್‌ಎಫ್‌ಎಸ್ ಆರೋಗ್ಯವಾಗಿದೆ ಎಂದು ವರದಿ ಕೊಟ್ಟ ಸ್ಕ್ರಿಪ್ಟ್‌ಗಳನ್ನು ನಾನು ಕಂಡಿದ್ದೇನೆ.

ಉದಾಹರಣೆಗಳನ್ನು ಕಲ್ಪಿಸಿ ಬರೆಯಬೇಡಿ. ಸಣ್ಣದೊಂದು ಖಾಲಿ ಫೈಲ್ ಮಾಡಿಕೊಂಡು, ಅದರೊಳಗೆ ಇಎಕ್ಸ್‌ಟಿ4 ರಚಿಸಿ, ಕೆಲವು ಚಿತ್ರಗಳನ್ನು ತುಂಬಿ, ಡೀಬಗ್‌ಎಫ್‌ಎಸ್ ಎಂಬ ಉಪಕರಣದಿಂದ ಬೇಕೆಂದೇ ಒಂದು ಇನೋಡನ್ನು ಅಳಿಸಿ ನೋಡಿ. ನಿಜವಾದ ಡಿಸ್ಕಿಗೆ ಕೈ ಹಚ್ಚದೆ ಪ್ರತಿಯೊಂದು ದೋಷವನ್ನೂ ಹೀಗೆ ಹುಟ್ಟಿಸಬಹುದು, ಅದರ ಸಂದೇಶವನ್ನು ಇದ್ದದ್ದು ಇದ್ದಂತೆ ಕೈಪಿಡಿಗೆ ತರಬಹುದು, ಹೊಸ ಆವೃತ್ತಿ ಬಂದಾಗ ಅದೇ ಪ್ರಯೋಗವನ್ನು ಮತ್ತೆ ನಡೆಸಿ ಸಂದೇಶ ಬದಲಾಗಿದೆಯೇ ಎಂದು ನೋಡಬಹುದು. ಉದಾಹರಣೆಯ ಆಜ್ಞೆಗಳಲ್ಲಿ ನಿಜವಾದ ಡಿಸ್ಕಿನ ಹೆಸರನ್ನು ಬಳಸಬೇಡಿ. ಎಸ್‌ಡಿಎ1 ಎಂದು ಬರೆದರೆ ಅದನ್ನು ಹಾಗೆಯೇ ನಕಲು ಮಾಡುವವರು ಇದ್ದೇ ಇರುತ್ತಾರೆ, ಮತ್ತು ಅವರ ಪೆಟ್ಟಿಗೆಯಲ್ಲಿ ಅದು ಯಾವ ಡಿಸ್ಕ್ ಎಂಬುದು ನಿಮಗೆ ತಿಳಿಯದು. ನಕಲು ಮಾಡಿದರೆ ದೋಷ ಬಂದು ನಿಲ್ಲುವಂಥ ಹೆಸರನ್ನು ಇಡಿ.

ಇದೇ ಕಾರಣಕ್ಕೆ, ಬಹಳ ಕಡೆ ಕಾಣುವ ಒಂದು ಸಲಹೆಯನ್ನು ನಿಮ್ಮ ಕೈಪಿಡಿಯಲ್ಲಿ ಸೇರಿಸಬೇಡಿ. ಫೈಲ್ ಸಿಸ್ಟಂನ ಮೂಲ ವಿವರಗಳಿರುವ ಸೂಪರ್‌ಬ್ಲಾಕ್ ಹಾಳಾದಾಗ ಅದರ ಮೀಸಲು ಪ್ರತಿ ಎಲ್ಲಿದೆ ಎಂದು ತಿಳಿಯಲು, ಫೈಲ್ ಸಿಸ್ಟಂ ರಚಿಸುವ ಎಂಕೆಇ2ಎಫ್‌ಎಸ್ ಅನ್ನು ಎನ್ ಆಯ್ಕೆಯೊಂದಿಗೆ ನಡೆಸಿ ಎನ್ನುತ್ತಾರೆ. ಆ ಒಂದು ಅಕ್ಷರ ಬಿಟ್ಟುಹೋದರೆ ಅದು ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿಬಿಡುತ್ತದೆ. ಅದರ ಬದಲು ಸಂಖ್ಯೆಗಳನ್ನೇ ಕೊಡಿ: 4 ಕೆಬಿ ಬ್ಲಾಕ್ ಇರುವ, ರೂಢಿಯ ರೀತಿಯಲ್ಲಿ ರಚಿಸಿದ ಇಎಕ್ಸ್‌ಟಿ4ನಲ್ಲಿ ಮೀಸಲು ಪ್ರತಿಗಳು 32768, 98304, 163840, 229376, 294912 ಹೀಗೆ ಈ ಸಂಖ್ಯೆಯ ಬ್ಲಾಕ್‌ಗಳಲ್ಲಿ ಸಿಗುತ್ತವೆ. ಇನ್ನೂ ಒಳ್ಳೆಯ ದಾರಿಯೆಂದರೆ, ಪೆಟ್ಟಿಗೆಯನ್ನು ಗ್ರಾಹಕರಿಗೆ ಒಪ್ಪಿಸುವ ದಿನವೇ, ಫೈಲ್ ಸಿಸ್ಟಂನ ವಿವರ ತೋರಿಸುವ ಡಂಪ್‌ಇ2ಎಫ್‌ಎಸ್ ಕೊಡುವ ಮಾಹಿತಿಯನ್ನು ಮುದ್ರಿಸಿ ಪೆಟ್ಟಿಗೆಯ ಜೊತೆಗಿಡುವುದು.

ಕನ್ನಡದಲ್ಲಿ ಬರೆಯುವ ಬಗ್ಗೆ ನೀವು ಕೇಳಿದ್ದೀರಿ. ಖಂಡಿತ ಬರೆಯಬೇಕು, ಆದರೆ ಎಲ್ಲಿ ಓದುತ್ತಾರೆ ಎಂಬುದನ್ನು ಮೊದಲು ಯೋಚಿಸಿ. ಗ್ರಾಫಿಕ್ ಪರದೆ ಬರದೆ ಲಿನಕ್ಸಿನ ಬರಿಯ ಕಪ್ಪು ಕನ್ಸೋಲ್ ಮಾತ್ರ ಉಳಿದಿರುವಾಗ ಅದರಲ್ಲಿ ಕನ್ನಡ ಮೂಡುವುದಿಲ್ಲ. ಆ ಕನ್ಸೋಲಿನ ಫಾಂಟ್ 512 ಆಕೃತಿಗಳಿಗೆ ಸೀಮಿತ, ಒತ್ತಕ್ಷರಗಳನ್ನು ಜೋಡಿಸುವ ವ್ಯವಸ್ಥೆಯೂ ಅದರಲ್ಲಿಲ್ಲ. ಮೇಲಾಗಿ ಕೈಪಿಡಿ ಅದೇ ಕೆಟ್ಟ ಡಿಸ್ಕಿನೊಳಗಿದ್ದರೆ ಯಾವ ಭಾಷೆಯಲ್ಲಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಕನ್ನಡದ ಮುಖ್ಯ ಪುಟಗಳು ಕಾಗದದ ಮೇಲೆ ಇರಬೇಕು, ಪೂರ್ಣ ಕೈಪಿಡಿ ಫೋನಿನಲ್ಲಿ ತೆರೆಯುವಂತಿರಬೇಕು. ಯೂನಿಕೋಡ್‌ನಲ್ಲಿಯೇ ಬರೆಯಿರಿ, ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಪಠ್ಯ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಹುಡುಕಲೂ ಸಿಗುವುದಿಲ್ಲ. ಪರದೆಯ ಮೇಲೆ ಬರುವ ಇಂಗ್ಲಿಷ್ ಸಂದೇಶವನ್ನು ಬರುವ ರೂಪದಲ್ಲಿಯೇ ಮುದ್ರಿಸಿ, ಅದರ ಕೆಳಗೆ ಕನ್ನಡದ ವಿವರಣೆ ಕೊಡಿ, ಏಕೆಂದರೆ ಓದುವವರು ಪರದೆಯನ್ನೂ ಹಾಳೆಯನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತಾರೆ. ಇನೋಡ್, ಬ್ಲಾಕ್, ಮೌಂಟ್ ಮುಂತಾದವನ್ನು ಹಾಗೆಯೇ ಬಿಡಿ. ಅವಕ್ಕೆ ಹೊಸ ಪದಗಳನ್ನು ಟಂಕಿಸಿದರೆ ಗ್ರಾಹಕರು ಫೋನಿನಲ್ಲಿ ಹೇಳುವುದು ನಿಮಗೆ ತಿಳಿಯುವುದಿಲ್ಲ, ನೀವು ಹೇಳುವುದು ಅವರಿಗೆ ತಿಳಿಯುವುದಿಲ್ಲ.

ಉಪಕರಣದ ಕುಂದುಗಳಿಗೆ ಒಂದು ವಿಭಾಗ ಇರಲಿ. 1971ರ ನವೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹೊರಬಂದ ಯುನಿಕ್ಸಿನ ಮೊದಲ ಕೈಪಿಡಿಯಲ್ಲೇ 'ಬಗ್ಸ್' ಎಂಬ ತಲೆಬರಹದ ಕೆಳಗೆ ಆಜ್ಞೆಗಳ ದೋಷಗಳನ್ನು ಅವುಗಳನ್ನು ಬರೆದವರೇ ದಾಖಲಿಸಿದ್ದರು. ಮಾರುಕಟ್ಟೆಯ ಭಯದಿಂದ ನಿಮ್ಮ ಕಂಪನಿಯವರು ಇದಕ್ಕೆ ಹಿಂಜರಿಯಬಹುದು. ಯಾವ ಸ್ಥಿತಿಯಲ್ಲಿ ನಮ್ಮ ಉಪಕರಣ ಬಳಸಬೇಡಿ, ಯಾವಾಗ ಕೈ ಬಿಟ್ಟು ನಮಗೆ ಫೋನ್ ಮಾಡಿ ಎಂದು ಹೇಳುವುದು ಮಾರಾಟಕ್ಕೆ ಕುಂದಲ್ಲ ಎಂದು ಅವರಿಗೆ ನೀವು ಒತ್ತಿ ಹೇಳಬೇಕು.

ಬರೆದು ಮುಗಿದ ಮೇಲೆ, ಈ ಕೆಲಸ ಎಂದೂ ಮಾಡದ ಒಬ್ಬರನ್ನು, ನಿಮ್ಮ ಕಂಪನಿಯ ಲೆಕ್ಕ ಬರೆಯುವವರಿದ್ದರೂ ಸರಿ, ಬೇಕೆಂದೇ ಕೆಡಿಸಿದ ಪೆಟ್ಟಿಗೆಯ ಮುಂದೆ ಕೂರಿಸಿ, ಹಾಳೆಯನ್ನು ಕೈಗೆ ಕೊಡಿ. ನೀವು ಪಕ್ಕದಲ್ಲಿ ಕುಳಿತು ಒಂದು ಮಾತೂ ಆಡಬೇಡಿ. ಅವರು ಎಲ್ಲಿ ನಿಂತು ಹಿಂದಿನ ಪುಟಕ್ಕೆ ತಿರುಗುತ್ತಾರೆ, ಎಲ್ಲಿ ಓದದೆ ಒತ್ತುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ, ಅಲ್ಲೆಲ್ಲ ತಿದ್ದಿ, ಬೇರೊಬ್ಬರನ್ನು ಕೂರಿಸಿ. ಮುದ್ರಿಸಿದ ಹಾಳೆಯ ಅಡಿಯಲ್ಲಿ, ಅದನ್ನು ಯಾವ ದಿನ, ಈ ಉಪಕರಣಗಳ ಕಟ್ಟುಗಳಾದ ಇ2ಎಫ್‌ಎಸ್‌ಪ್ರಾಗ್ಸ್ ಮತ್ತು ಎಕ್ಸ್‌ಎಫ್‌ಎಸ್‌ಪ್ರಾಗ್ಸ್‌ಗಳ ಯಾವ ಆವೃತ್ತಿಯ ಮೇಲೆ ಪರೀಕ್ಷಿಸಿದಿರಿ ಎಂದು ಬರೆಯಿರಿ. ಹಳೆಯ ಹಾಳೆ ತೆಗೆದು ಹೊಸದನ್ನು ಅಂಟಿಸುವುದು, ಸರ್ವಿಸ್‌ಗೆಂದು ಊರೂರಿಗೆ ಹೋಗುವ ನಿಮ್ಮ ಹುಡುಗರ ಕೆಲಸದ ಪಟ್ಟಿಯಲ್ಲಿ ಸೇರಲಿ.